ಕಣ್ಣು ಮುಚ್ಚಿ ನೋಡಿದ ಸಿನಿಮಾ

ಸಿನಿಮಾ ಕಣ್ಣಿನ ಕಲೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಇವತ್ತು ಕಿವಿಯ ಪರವಾಗಿ ವಕಾಲತ್ತು ಹಾಕಲು ಬಂದಿದ್ದೇನೆ. ಯಾವ ಸಿನಿಮಾ ಗಟ್ಟಿ, ಯಾವುದು ಜೊಳ್ಳು ಅಂತ ತೀರ್ಮಾನಿಸಲು ನನ್ನ ಹತ್ತಿರ ಇರುವುದು ಒಂದೇ ಅಳತೆ. ಟಾಕೀಜಿನಲ್ಲಿ ಕೂತಾಗ ಇಂಟರ್ವಲ್ಲಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಕಣ್ಣು ಮುಚ್ಚುತ್ತೇನೆ. ಒಂದೈದು ನಿಮಿಷ. ಪಕ್ಕದವರು ನಿದ್ದೆ ಹತ್ತಿತು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಆ ಹೊತ್ತಿನಲ್ಲಿ ಕತೆ ಕಿವಿಯೊಳಗೆ ನಡೆಯುತ್ತಲೇ ಇದ್ದರೆ ಸಿನಿಮಾ ಗೆದ್ದಿತು. ಬರೀ ಗದ್ದಲ ಬಂದರೆ ಸೋತಿತು.

ನಾನಿರುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಸುತ್ತ ಕಾಲೇಜುಗಳು, ಹಾಸ್ಟೆಲ್‌ಗಳು. ಶುಕ್ರವಾರ ಸಂಜೆಯಾದರೆ ಚಹಾದಂಗಡಿ ಮುಂದೆ ಹೊಸ ಸಿನಿಮಾದ ಪಂಚಾಯ್ತಿ ಕೂಡುತ್ತದೆ. ಹುಡುಗರು ನನ್ನನ್ನು ಕಂಡರೆ ಕೇಳುತ್ತಾರೆ: "ಕಾಕಾ, ಸಿನಿಮಾ ನೋಡಿ ಬಂದ್ರೋ, ಕೇಳಿ ಬಂದ್ರೋ?" ಚೇಷ್ಟೆಗೆ ಕೇಳುವ ಮಾತು ಅದು. ಆದರೆ ಬಾನುಲಿಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಡುವುದು ಸುಲಭ. ನೀವೂ ಈಗ ಕೇಳುತ್ತಲೇ ಇದ್ದೀರಿ. ನನ್ನ ಮುಖ ನಿಮಗೆ ಕಾಣುವುದಿಲ್ಲ. ಆದರೂ ನಾನು ಸುಳ್ಳು ಹೇಳಿದರೆ ನಿಮಗೆ ಗೊತ್ತಾಗುತ್ತದೆ.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. ಟಿ.ವಿ. ಮನೆಮನೆಗೆ ಬರುವ ಮೊದಲು ರೇಡಿಯೋದಲ್ಲಿ ಸಿನಿಮಾದ ಧ್ವನಿಯನ್ನಷ್ಟೇ ಹಾಕುತ್ತಿದ್ದರು. ಎರಡೂವರೆ ತಾಸಿನ ಸಿನಿಮಾ ಒಂದು ತಾಸಿಗೆ ಇಳಿದಿರುತ್ತಿತ್ತು. ಹಿರಿಯರಿಗೆ ನೆನಪಿರಬೇಕು. ಹೆಂಗಸರು ರೊಟ್ಟಿ ಬಡಿಯುತ್ತ ಕೇಳುತ್ತಿದ್ದರು. ಒಲೆಯ ಮುಂದಿನಿಂದ ಏಳದೆಯೇ ಸಿನಿಮಾ ಮುಗಿಯುತ್ತಿತ್ತು. ಹಳ್ಳಿಯ ಕಡೆ ಸಿನಿಮಾ ಟೆಂಟು ಬಂದರೆ, ಟಿಕೆಟ್ಟಿಗೆ ದುಡ್ಡಿಲ್ಲದ ಹುಡುಗರು ಹೊರಗೆ ನೆಲದ ಮೇಲೆ ಕೂತು ಕೇಳುತ್ತಿದ್ದರು. ಅವರಿಗೆ ಯಾರು ನಾಯಕ, ಯಾರು ಖಳ ಎಂದು ಯಾರೂ ತೋರಿಸಿಕೊಡಬೇಕಾಗಿರಲಿಲ್ಲ. ಖಳನಟ ವಜ್ರಮುನಿಯವರ ಒಂದು ನಗೆ ಸಾಕಾಗುತ್ತಿತ್ತು.

ಕಣ್ಣು ಮುಚ್ಚುವ ನನ್ನ ಪರೀಕ್ಷೆಯಲ್ಲಿ ಪಾಸಾದ ಒಂದು ಸಿನಿಮಾ ಹೇಳುತ್ತೇನೆ. ಶರಪಂಜರ. 1971. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ. ಕಾವೇರಿ ಎಂಬ ಗೃಹಿಣಿ ಮನಸ್ಸು ಕೆಟ್ಟು ಆಸ್ಪತ್ರೆ ಸೇರುತ್ತಾಳೆ. ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರು, ನೆರೆಯವರು ಅವಳನ್ನು ನಂಬುವುದಿಲ್ಲ. ಆ ಪಾತ್ರ ಕಲ್ಪನಾ ಅವರದು. ಕಣ್ಣು ಮುಚ್ಚಿ ಕೇಳಿ. ಮೊದಲ ಭಾಗದಲ್ಲಿ ಕಾವೇರಿಯ ನಗೆ ಸಲೀಸಾಗಿ ಬರುತ್ತದೆ. ಮನೆಗೆ ಮರಳಿದ ಮೇಲೆ ಅವಳು ನಗುವ ಮೊದಲು ಸಣ್ಣದೊಂದು ತಡೆ ಇದೆ. ನಕ್ಕರೆ ಇವರು ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆಯ ತಡೆ ಅದು. ಕೊನೆಗೆ ಆ ನಗೆಗೆ ಕಡಿವಾಣವೇ ಇರುವುದಿಲ್ಲ. ಒಬ್ಬ ಹೆಣ್ಣುಮಗಳ ಇಡೀ ಬದುಕು ಮೂರು ಬಗೆಯ ನಗೆಯಲ್ಲಿ ಕೇಳಿಸುತ್ತದೆ. ಕಡೆಯ ಭಾಗದಲ್ಲಿ ಮಾತು ಸ್ವಲ್ಪ ಅತಿಯಾಯಿತು ಎಂಬ ತಕರಾರು ನನಗೂ ಇದೆ. ಆದರೆ ಆ ಕಂಠದ ಮುಂದೆ ನನ್ನ ತಕರಾರು ನಿಲ್ಲುವುದಿಲ್ಲ.

ಹಾಗಾದರೆ ನಾನು ಹೇಳುತ್ತಿರುವುದು ಇಷ್ಟು. ಒಳ್ಳೆಯ ಸಿನಿಮಾ ಕಿವಿಗೂ ಕತೆ ಹೇಳುತ್ತದೆ. ಈಗ ನಿರಾಸೆಯ ಮಾತಿಗೆ ಬರೋಣ.

ಮೊದಲ ನಿರಾಸೆ, ಸದ್ದು. ಸದ್ದನ್ನು ಡೆಸಿಬೆಲ್ ಲೆಕ್ಕದಲ್ಲಿ ಅಳೆಯುತ್ತಾರೆ. ಎದುರುಬದುರು ಕೂತು ಮಾತಾಡಿದರೆ ಸುಮಾರು 60. ಕಾರ್ಖಾನೆಯಲ್ಲಿ ದುಡಿಯುವವರ ಕಿವಿ ಉಳಿಯಬೇಕಾದರೆ 85ರ ಸದ್ದಿನಲ್ಲಿ ದಿನಕ್ಕೆ 8 ತಾಸಿಗಿಂತ ಹೆಚ್ಚು ಇರಬಾರದು ಎಂದು ತಜ್ಞರು ಹೇಳುತ್ತಾರೆ. ಅಲ್ಲಿಂದ 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಹಾಗೆ ಏರುತ್ತ 100 ಮುಟ್ಟಿದರೆ ನಿಮ್ಮ ಪಾಲಿಗೆ ಉಳಿಯುವುದು ಕಾಲು ತಾಸು ಮಾತ್ರ. ಇವತ್ತಿನ ದೊಡ್ಡ ಸಿನಿಮಾದಲ್ಲಿ ನಾಯಕ ಕಾರಿನಿಂದ ಇಳಿಯುವುದಕ್ಕೇ ಅದರಲ್ಲಿ ಅರ್ಧ ಹೋಗುತ್ತದೆ!

ಇದರಲ್ಲಿ ಇನ್ನೊಂದು ತೊಡಕು ಇದೆ. ಹಿನ್ನೆಲೆ ಸಂಗೀತವನ್ನು ಸ್ಟುಡಿಯೋದಲ್ಲಿ ವಿಪರೀತ ಏರಿಸಿರುತ್ತಾರೆ. ಜನ ಕಿವಿ ನೋವು ಎನ್ನುತ್ತಾರೆ. ಟಾಕೀಜಿನವರು ಒಟ್ಟು ಸದ್ದನ್ನೇ ಇಳಿಸುತ್ತಾರೆ. ಆಗ ಸಂಗೀತದ ಜತೆಗೆ ಮಾತೂ ಇಳಿಯುತ್ತದೆ. ಸಂಗೀತ ಆಗಲೂ ಕೇಳುತ್ತದೆ, ಮಾತು ಕೇಳುವುದಿಲ್ಲ. ಮದುವೆಯ ಬ್ಯಾಂಡಿನವರ ಪಕ್ಕ ನಿಂತು ಬೀಗರ ಜತೆ ಮಾತಾಡಿದ ಹಾಗೆ. ತಲೆ ಅಲ್ಲಾಡಿಸಬೇಕು, ಅಷ್ಟೆ.

ಹೆಸರು ಹಿಡಿದೇ ಹೇಳುತ್ತೇನೆ. ಕೆ.ಜಿ.ಎಫ್. ಮೊದಲ ಭಾಗ ಬಂದದ್ದು 2018ರ ಡಿಸೆಂಬರಿನಲ್ಲಿ. ಅದರಲ್ಲೂ ಸದ್ದು ಕಡಿಮೆಯೇನಲ್ಲ. ಆದರೆ ಆ ಕತೆಯನ್ನು ಅನಂತನಾಗ್ ಹೇಳುತ್ತಾರೆ. ಆನಂದ್ ಇಂಗಳಗಿ ಎಂಬ ಪತ್ರಕರ್ತನ ಪಾತ್ರ. ಆ ಕಂಠದಲ್ಲಿ ಅವಸರವಿಲ್ಲ. ಅಜ್ಜ ಕತೆ ಹೇಳಿದಂತೆ ಹೇಳುತ್ತಾರೆ. ನಾನು ಕಣ್ಣು ಮುಚ್ಚಿದಾಗಲೂ ಗಣಿ ಕಾಣಿಸಿತು. 2022ರ ಏಪ್ರಿಲ್‌ನಲ್ಲಿ ಎರಡನೆಯ ಭಾಗ ಬಂತು. ಕತೆ ಹೇಳುವ ಕೆಲಸ ಪ್ರಕಾಶ್ ರಾಜ್ ಅವರದಾಯಿತು. ಅವರು ದೊಡ್ಡ ನಟರು, ಅದರಲ್ಲಿ ಮಾತಿಲ್ಲ. ಆದರೆ ಸಿನಿಮಾ ಅವರಿಗೆ ಉಸಿರಾಡಲು ಬಿಡಲಿಲ್ಲ. ಪ್ರತಿ ದೃಶ್ಯವೂ ಕೊನೆಯ ದೃಶ್ಯದ ಹಾಗೆ ಅಬ್ಬರಿಸಿತು. ಎಲ್ಲವೂ ಶಿಖರವಾದರೆ ಹತ್ತುವುದು ಎಲ್ಲಿಂದ?

ಇದಕ್ಕಿಂತ ದೊಡ್ಡ ನಿರಾಸೆ ಕಬ್ಜ. 2023. ಉಪೇಂದ್ರ ಅದರ ನಾಯಕ. ಯಾಕೆ ದೊಡ್ಡ ನಿರಾಸೆ ಅಂದರೆ, ಇದೇ ಉಪೇಂದ್ರ 1995ರಲ್ಲಿ ಓಂ ನಿರ್ದೇಶಿಸಿದವರು. ಓಂ ಕೂಡ ರೌಡಿಗಳ ಕತೆ. ಅಲ್ಲೂ ಹೊಡೆದಾಟ, ಮಚ್ಚು, ರಕ್ತ ಇವೆ. ಆದರೆ ಅಲ್ಲಿ ಜನ ಮಾತಾಡುತ್ತಾರೆ. ಬೆಂಗಳೂರಿನ ಓಣಿಯ ಒರಟು ಮಾತು. ಅಪ್ಪ ಮಗನಿಗೆ ಬಯ್ಯುವುದು ನಿಜವಾದ ಅಪ್ಪ ಬಯ್ದಂತೆ ಕೇಳುತ್ತದೆ. ಕಬ್ಜದಲ್ಲಿ ಎಲ್ಲರೂ ಘೋಷಣೆ ಕೂಗುತ್ತಾರೆ. ಒಬ್ಬರಿಗೊಬ್ಬರು ಮಾತಾಡುವುದಿಲ್ಲ. ಅದರ ಮೇಲೆ ತಮಟೆ, ಡೊಳ್ಳು, ಕೋರಸ್ಸು. ನಾನು ಕಣ್ಣು ಮುಚ್ಚಿದೆ. ಕೆ.ಜಿ.ಎಫ್. ಕೇಳುತ್ತಿದ್ದೇನೋ, ಕಬ್ಜ ಕೇಳುತ್ತಿದ್ದೇನೋ ತಿಳಿಯಲಿಲ್ಲ.

ಸದ್ದಿನ ಮಾತು ಸಾಕು. ಸದ್ದು ಏರಿದರೆ ಮಾತು ಸಾಯುತ್ತದೆ ಎಂದೆ. ಈಗ ಬದುಕಿರುವ ಮಾತಿನ ಗತಿ ಏನು ನೋಡೋಣ. ಇದು ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯ.

ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನ, 1934ರಲ್ಲಿ ಬಂತು. ಅದನ್ನು ತೆಗೆದದ್ದು ಬೆಂಗಳೂರಿನಲ್ಲೂ ಅಲ್ಲ, ಮೈಸೂರಿನಲ್ಲೂ ಅಲ್ಲ. ಕೊಲ್ಹಾಪುರದಲ್ಲಿ. ನಮ್ಮ ಹುಬ್ಬಳ್ಳಿಗೆ ಬೆಂಗಳೂರಿಗಿಂತ ಕೊಲ್ಹಾಪುರವೇ ಹತ್ತಿರ. ಅಂದರೆ ಸಿನಿಮಾದ ಕನ್ನಡ ಮೊದಲು ಬಾಯಿ ಬಿಟ್ಟದ್ದು ನಮ್ಮ ಮಗ್ಗುಲಲ್ಲಿ. ಆದರೆ ನಮ್ಮ ಮಾತಿಗೆ ಸಿನಿಮಾದಲ್ಲಿ ಜಾಗ ಸಿಗಲು ಬಹಳ ಕಾಲ ಬೇಕಾಯಿತು.

ಕಾರಣ ಒಂದಲ್ಲ. ತಾಂತ್ರಿಕ ಕಾರಣವೂ ಇದೆ. ಹಳೆಯ ಕ್ಯಾಮೆರಾಗಳು ಹೊಲಿಗೆ ಯಂತ್ರದಷ್ಟು ಸದ್ದು ಮಾಡುತ್ತಿದ್ದವು. ಹಾಗಾಗಿ ಚಿತ್ರೀಕರಣದ ಜಾಗದ ಧ್ವನಿಯನ್ನು ಬಿಟ್ಟು, ಆಮೇಲೆ ಸ್ಟುಡಿಯೋದಲ್ಲಿ ಮಾತು ಕೂಡಿಸುವುದು ರೂಢಿಯಾಯಿತು. ಡಬ್ಬಿಂಗ್. ಅದರಿಂದ ಒಂದು ಕೆಟ್ಟ ಅಭ್ಯಾಸ ಬೆಳೆಯಿತು. ಪರದೆಯ ಮೇಲೆ ಒಬ್ಬ ನಟಿ, ಕಂಠ ಇನ್ನೊಬ್ಬರದು. ನಾಯಕಿ ಹೊಲದಲ್ಲಿ ನಿಂತು ಮಾತಾಡುತ್ತಾಳೆ, ಆದರೆ ಧ್ವನಿ ನಾಲ್ಕು ಗೋಡೆಯ ಕೋಣೆಯಿಂದ ಬರುತ್ತದೆ. ಗಾಳಿ ಇಲ್ಲ, ಹಕ್ಕಿ ಇಲ್ಲ, ಹಿಂದೆ ಯಾರೋ ಎಮ್ಮೆ ಕರೆಯುವುದಿಲ್ಲ. ಎಷ್ಟೋ ನಾಯಕಿಯರು ಒಂದೇ ಕೀರಲು ಕಂಠದಲ್ಲಿ ಅಳುತ್ತಾರೆ. ಪಾಪ, ಡಬ್ಬಿಂಗ್ ಕಲಾವಿದೆಯರ ತಪ್ಪಲ್ಲ ಅದು. ಅವರ ಹೆಸರನ್ನೂ ನಮಗೆ ಹೇಳುವುದಿಲ್ಲ.

ಇನ್ನು ನಮ್ಮ ಕಡೆಯ ಭಾಷೆ. ಎಷ್ಟು ಸಿನಿಮಾ ನೋಡಿಲ್ಲ ನಾವು! ನಾಯಕ ಬೆಂಗಳೂರಿನ ಕನ್ನಡ ಆಡುತ್ತಾನೆ. ಅವನ ಪಕ್ಕದ ನಗೆಗಾರ ಮಾತ್ರ "ಏನ್ಲೇ ಮಗನ" ಅಂತ ಬರುತ್ತಾನೆ. ಅವನು ಬಾಯಿ ತೆರೆದರೆ ಸಾಕು, ನಗಬೇಕು. ಅವನಿಗೆ ಪ್ರೀತಿ ಆಗುವುದಿಲ್ಲ, ದುಃಖ ಆಗುವುದಿಲ್ಲ. ನಮ್ಮ ಭಾಷೆಯಲ್ಲಿ ಯಾರೂ ಸಾಯುವುದೇ ಇಲ್ಲವೇನೋ ಅನ್ನಿಸಬೇಕು. ಅಪ್ಸರಾ ಟಾಕೀಜಿನಲ್ಲೋ ಸುಧಾದಲ್ಲೋ ಕೂತು ನಾವೂ ನಕ್ಕಿದ್ದೇವೆ. ಹೊರಗೆ ಬಂದು ನಮ್ಮ ಮನೆಯಲ್ಲಿ ಅದೇ ಭಾಷೆಯಲ್ಲಿ ಅತ್ತಿದ್ದೇವೆ.

ಆದರೆ ಕಿವಿ ತೆರೆಸಿದ ಸಿನಿಮಾಗಳೂ ಇವೆ. ಟಿ.ಎಸ್. ನಾಗಾಭರಣರ ಸಂತ ಶಿಶುನಾಳ ಶರೀಫ, 1990. ಶಿಶುನಾಳ ಇಲ್ಲೇ ಶಿಗ್ಗಾವಿ ತಾಲೂಕಿನ ಊರು. ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ. ಸಿ. ಅಶ್ವತ್ಥ್ ಸಂಗೀತ. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂದ ಚಿತ್ರ ಅದು. ಪ್ರಶಸ್ತಿ ಇರಲಿ, ನನಗೆ ಮುಖ್ಯವಾದದ್ದು ಬೇರೆ. ಅದರಲ್ಲಿ ಗುರು-ಶಿಷ್ಯರು ನಮ್ಮ ಮಾತಿನಲ್ಲಿ ವೇದಾಂತ ಆಡುತ್ತಾರೆ. ಯಾರೂ ನಗಲಿಲ್ಲ. 1997ರ ನಾಗಮಂಡಲ ಇನ್ನೊಂದು. ಕಾರ್ನಾಡರ ನಾಟಕ, ನಾಗಾಭರಣರ ಚಿತ್ರ. ಹಾಡುಗಳನ್ನು ಬರೆದವರು ಗೋಪಾಲ ವಾಜಪೇಯಿ, ಈ ಭಾಗದ ಪತ್ರಕರ್ತರು, ರಂಗಭೂಮಿಯವರು. ಅಲ್ಲಿ ಹೆಣ್ಣು ಗಂಡು ಸರಸವಾಡುವುದು ನಮ್ಮ ಮಾತಿನಲ್ಲಿ. ಸಿಟ್ಟಾಗುವುದೂ ನಮ್ಮ ಮಾತಿನಲ್ಲಿ. ಈ ಭಾಷೆಗೂ ಸರಸ ಗೊತ್ತು ಅಂತ ಬೆಂಗಳೂರಿಗೆ ಅವತ್ತು ತಿಳಿದಿರಬೇಕು.

ಈಚಿನದು ಕೇಳಿ. ಶಿವಮ್ಮ ಯರೇಹಂಚಿನಾಳ. ಜೈಶಂಕರ್ ಆರ್ಯರ್ ನಿರ್ದೇಶನ. ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ಹಳ್ಳಿ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಬಹುಮಾನ ಗೆದ್ದಿತು. ನಮ್ಮ ಟಾಕೀಜಿಗೆ ಬಂದದ್ದು 2024ರಲ್ಲಿ. ಶಿವಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಗಂಡ ಹಾಸಿಗೆ ಹಿಡಿದಿದ್ದಾನೆ. ಅವನಿಗೆ ಗುಣವಾದೀತು, ನಾಲ್ಕು ಕಾಸೂ ಬಂದೀತು ಅಂತ ಆಕೆ ಶಕ್ತಿಯ ಪುಡಿ ಮಾರಲು ಹೊರಡುತ್ತಾಳೆ. ಒಬ್ಬರನ್ನು ಸೇರಿಸಿ, ಅವರಿಂದ ಇಬ್ಬರನ್ನು ಸೇರಿಸಿ ಎನ್ನುವ ಆ ಸರಪಳಿ ವ್ಯಾಪಾರ. ಆ ಪಾತ್ರದಲ್ಲಿ ಇರುವವರು ಸಿನಿಮಾ ನಟಿಯಲ್ಲ, ಆ ಕಡೆಯ ಹೆಣ್ಣುಮಗಳೇ. ಆಕೆ ಮನೆಮನೆಗೆ ಹೋಗಿ ಪುಡಿಯ ಗುಣಗಾನ ಮಾಡುವುದನ್ನು ಕಣ್ಣು ಮುಚ್ಚಿ ಕೇಳಿದೆ. ಕಂಪನಿಯವರು ಕಲಿಸಿದ ಮಾತು ಎಲ್ಲಿ ಮುಗಿಯುತ್ತದೆ, ಆಕೆಯ ಸ್ವಂತ ಮಾತು ಎಲ್ಲಿ ಶುರುವಾಗುತ್ತದೆ, ಎರಡೂ ಕೇಳಿಸಿದವು. ಕಲಿತ ಮಾತಿನಲ್ಲಿ ಹುರುಪು. ಸ್ವಂತ ಮಾತಿನಲ್ಲಿ ದಣಿವು. ಇದನ್ನು ಯಾವ ಡಬ್ಬಿಂಗ್ ಕೋಣೆಯಲ್ಲೂ ಹುಟ್ಟಿಸಲು ಆಗದು.

ಅದೇ ವರ್ಷ ಫೋಟೋ ಎಂಬ ಚಿತ್ರವೂ ಬಂತು. ಉತ್ಸವ್ ಗೋನವಾರ ನಿರ್ದೇಶನ. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು ಎಂಬುದು ರಾಯಚೂರು ಸೀಮೆಯ ಹುಡುಗನ ಆಸೆ. ಅಪ್ಪ ಬೆಂಗಳೂರಿನಲ್ಲಿ ಕೂಲಿ. ಅಷ್ಟರಲ್ಲಿ ಕೊರೊನಾದ ಲಾಕ್‌ಡೌನ್. ಇಬ್ಬರೂ ಊರಿನ ಕಡೆ ನಡೆಯುತ್ತಾರೆ. ಆ ಮಗು "ಅಪ್ಪಾ" ಎಂದು ಕರೆಯುವುದು ದಾರಿ ಸವೆದಂತೆ ಸಣ್ಣಗಾಗುತ್ತ ಹೋಗುತ್ತದೆ. ನನ್ನ ಹಿಂದಿನ ಸಾಲಿನಲ್ಲಿ ಒಬ್ಬಾಕೆ ಮೂಗು ಏರಿಸುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು. ಸಿನಿಮಾ ಅಷ್ಟು ಮೆತ್ತಗೆ ನಡೆದಿತ್ತು.

ನಮ್ಮ ಭಾಷೆ ಇದ್ದರೆ ಮಾತ್ರ ಒಳ್ಳೆಯದು ಅನ್ನುತ್ತಿಲ್ಲ ನಾನು. ರಾಮ್ ರೆಡ್ಡಿಯವರ ತಿಥಿ ಮಂಡ್ಯದ ಕಡೆಯ ಹಳ್ಳಿಯದು. ಅಲ್ಲಿನ ಜನರೇ ಪಾತ್ರಧಾರಿಗಳು. ಅದರಲ್ಲಿನ ಮುದುಕ ಗಡ್ಡಪ್ಪನ ಗೊಣಗು ನಮ್ಮ ಹುಬ್ಬಳ್ಳಿ ಕಿವಿಗೆ ಅರ್ಧ ಸಿಕ್ಕಿತು, ಅರ್ಧ ಸಿಗಲಿಲ್ಲ. ಆದರೂ ಟಾಕೀಜು ನಕ್ಕಿತು. ಯಾಕೆಂದರೆ ಆ ಮಾತಿಗೆ ಊರಿತ್ತು.

ಇಲ್ಲಿಯವರೆಗೆ ಎರಡು ಮಾತಾಯಿತು. ಸದ್ದು ಕೆಡಿಸಿತು, ಊರಿನ ಮಾತು ಉಳಿಸಿತು. ಇನ್ನು ಉಳಿದದ್ದು ಮೌನ.

ಮೌನ ಎಂದರೆ ಪ್ರಶಸ್ತಿ ಚಿತ್ರ ಎಂದು ನೀವು ಹೆದರಬೇಡಿ. ಆ ಹೆದರಿಕೆ ನನಗೂ ಇದೆ. ಕಲಾತ್ಮಕ ಎಂಬ ಹೆಸರಿನಲ್ಲಿ ನಾನು ಎಷ್ಟೋ ಸಂಜೆ ಕಳೆದುಕೊಂಡಿದ್ದೇನೆ. ಪಾತ್ರಗಳು ಪಾಠ ಒಪ್ಪಿಸುವಂತೆ ಮಾತಾಡುತ್ತವೆ. ನಡುವೆ ಒಂದು ನಿಮಿಷ ಸುಮ್ಮನೆ ಕಿಟಕಿ ನೋಡುತ್ತವೆ. ಹಿಂದಿನಿಂದ ಒಂದು ಶಹನಾಯಿ. ಅದು ಮೌನವಲ್ಲ, ಹೇಳಲು ಏನೂ ಇಲ್ಲದಿರುವುದು. ಕಬ್ಜಕ್ಕೆ ಬಯ್ದ ಬಾಯಿಯಲ್ಲೇ ಇವಕ್ಕೂ ಬಯ್ಯುತ್ತೇನೆ.

ನಿಜವಾದ ಮೌನ ಬೇಕಾದರೆ ಬಿ.ವಿ. ಕಾರಂತರ ಚೋಮನ ದುಡಿ ಕೇಳಿ. 1975. ಶಿವರಾಮ ಕಾರಂತರ ಕಾದಂಬರಿ. ಚೋಮನಿಗೆ ಬೇಸಾಯ ಮಾಡುವ ಆಸೆ. ಅವನ ಜಾತಿಗೆ ಆ ಹಕ್ಕನ್ನು ಊರು ಕೊಡುವುದಿಲ್ಲ. ಅವನು ಯಾರಿಗೂ ಭಾಷಣ ಮಾಡುವುದಿಲ್ಲ. ದುಡಿ ಬಾರಿಸುತ್ತಾನೆ. ಸಂತೋಷಕ್ಕೂ ದುಡಿ, ಸಿಟ್ಟಿಗೂ ದುಡಿ. ದುಡಿ ನಿಂತಾಗ ಗುಡಿಸಲಿನಲ್ಲಿ ಏನೋ ಆಯಿತು ಎಂದು ನಮಗೇ ತಿಳಿಯುತ್ತದೆ. ವಾಸುದೇವ ರಾವ್ ಅವರಿಗೆ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಎರಡು ವರ್ಷದ ಮೇಲೆ ಗಿರೀಶ ಕಾಸರವಳ್ಳಿ ಘಟಶ್ರಾದ್ಧ ಮಾಡಿದರು. ಅದರ ಸಂಗೀತಕ್ಕೆ ಇದೇ ಬಿ.ವಿ. ಕಾರಂತರಿಗೆ ರಾಷ್ಟ್ರಪ್ರಶಸ್ತಿ. ಎಲ್ಲಿ ಬಾರಿಸಬಾರದು ಎಂಬುದು ಗೊತ್ತಿದ್ದವರ ಸಂಗೀತ ಅದು. ಕಾಸರವಳ್ಳಿಯವರ ದ್ವೀಪದಲ್ಲಿ, 2002ರಲ್ಲಿ, ಮಳೆಯೇ ಮಾತಾಡುತ್ತದೆ. ಅಣೆಕಟ್ಟಿನ ನೀರು ಏರುತ್ತಿದೆ, ಊರವರೆಲ್ಲ ಹೋಗಿದ್ದಾರೆ, ಒಂದು ಮನೆ ಉಳಿದಿದೆ. ನಮ್ಮದು ಬಯಲುಸೀಮೆಗೆ ಹತ್ತಿರದ ಊರು. ಮಳೆ ಬಂದರೆ ನಾವು ಖುಷಿ ಪಡುವವರು. ಆ ಸಿನಿಮಾದಲ್ಲಿ ಮಳೆಯ ಸದ್ದಿಗೆ ನನಗೆ ಅಂಜಿಕೆ ಬಂತು.

ಈಗ ಒಂದು ತುಂಟ ಪ್ರಶ್ನೆ ನಿಮ್ಮಲ್ಲಿ ಎದ್ದಿರಬಹುದು. ಒಂದು ಮಾತೂ ಇಲ್ಲದ ಸಿನಿಮಾ ಬಂದರೆ ನಿಮ್ಮ ಕಿವಿಯ ಪರೀಕ್ಷೆ ಏನಾಗುತ್ತದೆ? ಅಂಥದೊಂದು ಇದೆ. ಸಿಂಗೀತಂ ಶ್ರೀನಿವಾಸ ರಾವ್ ಅವರ ಪುಷ್ಪಕ ವಿಮಾನ, 1987. ಶೃಂಗಾರ್ ನಾಗರಾಜ್ ನಿರ್ಮಾಪಕರು, ಕಮಲ ಹಾಸನ್ ನಾಯಕ. ಸಂಭಾಷಣೆಯೇ ಇಲ್ಲ. ಕೆಲಸವಿಲ್ಲದ ಯುವಕನೊಬ್ಬ ಟಾಕೀಜಿನ ಪಕ್ಕದ ಕೋಣೆಯಲ್ಲಿ ಇರುತ್ತಾನೆ. ರಾತ್ರಿಯಿಡೀ ಹೊಡೆದಾಟದ ಸದ್ದು. ಅದೇ ಅವನಿಗೆ ಜೋಗುಳ. ಒಂದು ದಿನ ದೊಡ್ಡ ಹೋಟೆಲಿನ ಕೋಣೆ ಅವನ ಪಾಲಿಗೆ ಬರುತ್ತದೆ. ಮೆತ್ತನೆಯ ಹಾಸಿಗೆ, ತಣ್ಣಗಿನ ಗಾಳಿ, ಸದ್ದಿಲ್ಲ. ನಿದ್ದೆ ಬರುವುದಿಲ್ಲ! ಕೊನೆಗೆ ಆ ಟಾಕೀಜಿನ ಗದ್ದಲವನ್ನೇ ಟೇಪಿನಲ್ಲಿ ಹಿಡಿದು ತಂದು, ಹಾಕಿಕೊಂಡು ಮಲಗುತ್ತಾನೆ. ಬಡವ ಬಿಟ್ಟುಬಂದ ಓಣಿ ಅವನ ಕಿವಿಯಲ್ಲಿ ಉಳಿದಿದೆ ಎಂದು ಹೇಳಲು ನಿರ್ದೇಶಕರಿಗೆ ಒಂದು ಅಕ್ಷರವೂ ಬೇಕಾಗಲಿಲ್ಲ. ನನ್ನ ಪರೀಕ್ಷೆಯಲ್ಲಿ ಇದಕ್ಕೆ ಮೊದಲ ಸ್ಥಾನ.

ಸದ್ದು, ಮಾತು, ಮೌನ. ಮೂರನ್ನೂ ಹೇಳಿದೆ. ಮೂರೂ ಒಂದೇ ಕಡೆ ಸಿಕ್ಕ ಒಂದು ಸಿನಿಮಾದ ಮೇಲೆ ನಮ್ಮ ಚಹಾದಂಗಡಿಯ ಜಗಳ ಇನ್ನೂ ಮುಗಿದಿಲ್ಲ. ಅದು ಕಾಂತಾರ. 2022ರ ಸೆಪ್ಟೆಂಬರ್ ಕೊನೆಗೆ ಬಂತು. ರಿಷಬ್ ಶೆಟ್ಟಿ ನಿರ್ದೇಶನ, ನಟನೆ. ಅಜನೀಶ್ ಲೋಕನಾಥ್ ಸಂಗೀತ. ಕರಾವಳಿಯ ಕನ್ನಡ, ದೈವಾರಾಧನೆಯ ಕೂಗು. ನಡುವಿನ ಹೊಡೆದಾಟ, ಪ್ರೇಮದ ಭಾಗ ನನಗೆ ಅಷ್ಟಕ್ಕಷ್ಟೆ. ಮಾಮೂಲಿ ಸರಕು. ಆದರೆ ಕೊನೆಯ ಇಪ್ಪತ್ತು ನಿಮಿಷ ಬೇರೆಯದೇ ಸಿನಿಮಾ. ಹುಡುಗರು ಹೇಳುತ್ತಾರೆ, "ಕಾಕಾ, ಆ ಕೂಗಿಗೆ ಮೈ ಜುಮ್ಮಂತು." ನನಗೂ ಜುಮ್ಮೆಂದಿತು. ಆದರೆ ನನ್ನ ವಾದ ಬೇರೆ. ಕೂಗು ಅಷ್ಟು ತಾಗಿದ್ದು ಅದರ ಅಕ್ಕಪಕ್ಕ ಸದ್ದನ್ನು ಇಳಿಸಿದ್ದರಿಂದ. ಆಮೇಲೆ ದೈವ ಒಬ್ಬೊಬ್ಬರ ಕೈ ಹಿಡಿದು ಕೂಡಿಸುವಾಗ ಮಾತೇ ಇಲ್ಲ. ಸೀಟಿ ಹೊಡೆಯುತ್ತಿದ್ದ ಟಾಕೀಜು ಅಲ್ಲಿ ತಾನಾಗಿ ಸುಮ್ಮನಾಯಿತು. ಹುಬ್ಬಳ್ಳಿಯ ಟಾಕೀಜನ್ನು ಸುಮ್ಮನಿರಿಸುವುದು ಸಣ್ಣ ಕೆಲಸವಲ್ಲ, ನಿಮಗೆ ಗೊತ್ತು.

2025ರ ಅಕ್ಟೋಬರಿನಲ್ಲಿ ಅದರ ಹಿಂದಿನ ಕತೆ ಬಂತು. ಕಾಂತಾರ ಚಾಪ್ಟರ್ 1. ಕಣ್ಣಿಗೆ ಹಬ್ಬ, ಒಪ್ಪುತ್ತೇನೆ. ಆದರೆ ದೈವ ಮೈಮೇಲೆ ಬರುವ ಸನ್ನಿವೇಶ ಅಲ್ಲಿ ಒಂದಕ್ಕಿಂತ ಹೆಚ್ಚು ಸಲ ಬಂತು. ಎರಡನೆಯ ಕೂಗಿಗೆ ನಾನು ಕಣ್ಣು ಮುಚ್ಚಿದೆ. ಮೂಳೆಗೆ ಸದ್ದು ತಾಗಿತು, ಮನಸ್ಸಿಗೆ ತಾಗಲಿಲ್ಲ. ಹಾಗೆಂದು ಚಹಾದಂಗಡಿಯಲ್ಲಿ ಹೇಳಿದೆ. "ಕಾಕಾ, ನೀವು ಕಣ್ಣು ತೆಗೆದು ಇನ್ನೊಮ್ಮೆ ನೋಡ್ರಿ, ಟಿಕೆಟ್ ನಾವು ತೆಗಿಸ್ತೇವಿ" ಅಂದರು. ಟಿಕೆಟ್ ತೆಗೆಸಿದರು, ಹೋಗಿ ನೋಡಿದೆ. ಅಭಿಪ್ರಾಯ ಬದಲಾಗಲಿಲ್ಲ. ಈಗ ಪಾಪ್‌ಕಾರ್ನ್ ದುಡ್ಡೂ ವಾಪಸ್ ಕೊಡಿ ಎನ್ನುತ್ತಿದ್ದಾರೆ.